ಹಾಜರಿ ಪುಸ್ತಕದ ಹಿಂದಿನ ಮನೆ: ಕುದ್ಮುಲ್ ರಂಗರಾಯರ ಬದುಕಿನಿಂದ ನಾನು ಕಲಿತ ಪಾಠ

2021ರ ಕೊನೆಯ ತಿಂಗಳುಗಳಲ್ಲಿ ಶಾಲೆಗಳು ಮತ್ತೆ ತೆರೆದು, ನಮ್ಮ ಬೋಧನಾಭ್ಯಾಸ ಆರಂಭವಾಗಿತ್ತು. ಮೂಡುಬಿದಿರೆಯ ಹತ್ತಿರದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಪಾಠ ವೀಕ್ಷಣೆಗೆ ಕುಳಿತಿದ್ದೆ. ಆರನೆಯ ತರಗತಿ, ಸಮಾಜ ವಿಜ್ಞಾನದ ಪಾಠ. ಪ್ರಶಿಕ್ಷಣಾರ್ಥಿಯ ಪೀಠಿಕೆ ಚೆನ್ನಾಗಿತ್ತು, ನಕ್ಷೆಯ ಬಳಕೆಯೂ ಸರಿಯಾಗಿತ್ತು. ಆದರೆ ಮೂರನೆಯ ಬೆಂಚಿನಲ್ಲಿ ಒಬ್ಬ ಹುಡುಗ ಪಾಠದ ಉದ್ದಕ್ಕೂ ತಲೆ ಇಟ್ಟು ಮಲಗಿದ್ದ. ಆಕೆ ಅವನನ್ನು ಎಬ್ಬಿಸಲಿಲ್ಲ. ನಾನು ವೀಕ್ಷಣಾ ಪುಸ್ತಕದಲ್ಲಿ ತರಗತಿ ನಿರ್ವಹಣೆ ಸಾಲದು ಎಂದು ಬರೆದು ಅಂಕ ಕಡಿಮೆ ಮಾಡಿದೆ.

ಪಾಠದ ನಂತರದ ಚರ್ಚೆಯಲ್ಲಿ ಆಕೆ ಮೆಲುದನಿಯಲ್ಲಿ ವಿಷಯ ಹೇಳಿದಳು. ಹುಡುಗನ ತಂದೆ ಬಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಲಾಕ್‌ಡೌನಿನಲ್ಲಿ ಹೋದ ಆ ಕೆಲಸ ಮತ್ತೆ ಸಿಕ್ಕಿರಲಿಲ್ಲ. ತಾಯಿ ಬೀಡಿ ಕಟ್ಟುತ್ತಿದ್ದರು. ಮರುದಿನ ಬ್ರಾಂಚಿಗೆ ಕೊಡಬೇಕಾದ ಲೆಕ್ಕ ತುಂಬಿಸಲು ಮಕ್ಕಳೂ ರಾತ್ರಿ ಹೊತ್ತು ಎಲೆ ಕತ್ತರಿಸಿ, ನೂಲು ಸುತ್ತಿ ಕೈಜೋಡಿಸುತ್ತಿದ್ದರು. ಆಕೆ ಇದನ್ನು ಹಿಂದಿನ ದಿನವೇ ಹುಡುಗನಿಂದ ಕೇಳಿ ತಿಳಿದಿದ್ದಳು. ಇಪ್ಪತ್ತು ವರ್ಷ ಶಿಕ್ಷಕರನ್ನು ತಯಾರು ಮಾಡಿದ ನಾನು ಕೇಳದೇ ಇದ್ದದ್ದನ್ನು, ಬೋಧನಾಭ್ಯಾಸಕ್ಕೆ ಬಂದು ಹತ್ತು ದಿನವಾಗದ ಹುಡುಗಿ ಕೇಳಿದ್ದಳು.

ಅದೇ ವರ್ಷ ಪ್ರಶಿಕ್ಷಣಾರ್ಥಿಗಳಿಗೆ ನಮ್ಮ ಜಿಲ್ಲೆಯ ಒಬ್ಬ ಶಿಕ್ಷಣ ಸುಧಾರಕರ ಜೀವನವನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕುದ್ಮುಲ್ ರಂಗರಾಯರನ್ನು ಆರಿಸಿಕೊಂಡೆ. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಅಲ್ಲಿ ಯಕ್ಷಗಾನ, ನಾಟಕ ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಹೆಸರಿನ ಮನುಷ್ಯ ಏನು ಮಾಡಿದರು ಎಂದು ತರಗತಿಯಲ್ಲಿ ಕೇಳಿದಾಗ ಎದ್ದ ಕೈಗಳು ಬಹಳ ಕಡಿಮೆ. ನಾನೂ ಅವರನ್ನು ದಲಿತರ ಉದ್ಧಾರಕರು ಎಂಬ ಒಂದು ಸಾಲಿನಲ್ಲೇ ತಿಳಿದಿದ್ದೆ. ಮಲಗಿದ್ದ ಹುಡುಗ ಮನಸ್ಸಿನಲ್ಲಿದ್ದುದರಿಂದ ಈ ಸಲ ಅವರ ಬದುಕು ನನಗೆ ಬೇರೆ ರೀತಿಯಲ್ಲಿ ಕಾಣಿಸಿತು.

ಎಂಟು ರೂಪಾಯಿ ಸಂಬಳದ ಮೇಷ್ಟ್ರು

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ, ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿನಾರನೆಯ ವಯಸ್ಸಿನ ಹೊತ್ತಿಗೆ ತಂದೆ ದೇವಪ್ಪಯ್ಯನವರು ತೀರಿಕೊಂಡರು. ಮನೆಯ ಹೊಣೆ ಹೆಗಲಿಗೆ ಬಿತ್ತು. ಹುಡುಗ ಮಂಗಳೂರಿಗೆ ಬಂದು ಶಾಲೆಯೊಂದರಲ್ಲಿ ಶಿಕ್ಷಕನಾದ. ತಿಂಗಳ ಸಂಬಳ ಎಂಟು ರೂಪಾಯಿ. ಪಾಠ ಮಾಡುತ್ತಲೇ ತಾನೂ ಓದಿ ಮೆಟ್ರಿಕ್ಯುಲೇಶನ್ ಮುಗಿಸಿದರು, ಮುಂದೆ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಮೊಕದ್ದಮೆಗಳನ್ನು ಹಿಡಿಯುವ ವಕೀಲರೆಂದು ಹೆಸರಾದರು.

ಈ ಭಾಗವನ್ನು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಾನು ಇಲ್ಲಿ ಸ್ವಲ್ಪ ನಿಲ್ಲಬೇಕೆನ್ನುತ್ತೇನೆ. ದುಡಿಯುವ ಕೈ ಒಂದು ಮನೆಯಿಂದ ಹೋದಾಗ ಓದುತ್ತಿರುವ ಮಗುವಿನ ದಿನಚರಿ ಹೇಗೆ ಬದಲಾಗುತ್ತದೆ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಆದರೆ ಅವರಿಗೆ ಜಾತಿಯ ಆಸರೆ ಇತ್ತು, ಅಕ್ಷರದ ಆಸರೆ ಇತ್ತು. ಹದಿನಾರು ವರ್ಷದ ಹುಡುಗನಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಈ ಎರಡೂ ಆಸರೆ ಇಲ್ಲದ ಮಗುವಿಗೆ ಏನಾಗುತ್ತದೆ ಎಂಬುದು ಅವರ ಮುಂದಿನ ಬದುಕಿನ ಪ್ರಶ್ನೆಯಾಯಿತು.

ಆ ಪ್ರಶ್ನೆಗೆ ನೆಲ ಆಗಲೇ ಹದವಾಗಿತ್ತು. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಆರಂಭವಾಗಿತ್ತು. ಉಲ್ಲಾಳ ರಘುನಾಥಯ್ಯ ಮತ್ತು ಬಿಲ್ಲವ ಮುಖಂಡ ಅರಸಪ್ಪ ಅದರ ಹಿಂದೆ ಇದ್ದವರು. ರಂಗರಾಯರು ಆ ಬಳಗ ಸೇರಿದರು. ವಿಧವೆಯರ ಮರುಮದುವೆ, ಹೆಣ್ಣುಮಕ್ಕಳ ಓದು, ಜಾತಿಭೇದದ ವಿರೋಧ ಅವರ ಕೆಲಸಗಳಾದವು. ಅವರ ಮಗಳು ರಾಧಾಬಾಯಿ ಕಾಲೇಜಿನವರೆಗೆ ಓದಿದರು, ಜಾತಿಯ ಗೆರೆ ದಾಟಿ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು ಮತ್ತು 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದರು. ಹೊರಗೆ ಹೇಳಿದ್ದನ್ನು ರಂಗರಾಯರು ಮನೆಯೊಳಗೂ ನಡೆಸಿದರು ಎಂಬುದಕ್ಕೆ ಇಷ್ಟು ಸಾಕು.

ಉರ್ವ ಚಿಲಿಂಬಿಯ ಶಾಲೆ

1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಆ ಕಾಲದ ದಕ್ಷಿಣ ಕನ್ನಡದಲ್ಲಿ ಈ ಮಕ್ಕಳ ಸ್ಥಿತಿ ಹೇಗಿತ್ತೆಂದು ತಿಳಿಯದೆ ಆ ಶಾಲೆಯ ಬೆಲೆ ತಿಳಿಯದು. ಬಹಳಷ್ಟು ಕುಟುಂಬಗಳು ಭೂಮಾಲಿಕರ ಮೂಲದಾಳುಗಳು. ಕೂಲಿ ಹಣದಲ್ಲಿ ಸಿಗುತ್ತಿದ್ದುದು ಕಡಿಮೆ, ಭತ್ತದ ಸೇರಿನಲ್ಲೇ ಲೆಕ್ಕ. ಮಗು ನಡೆಯಲು ಕಲಿತು ಸ್ವಲ್ಪ ಗಟ್ಟಿಯಾದರೆ ದನ ಮೇಯಿಸುವ, ಸೊಪ್ಪು ಹೊರುವ, ಹಕ್ಕಿ ಓಡಿಸುವ ಕೆಲಸ ಅದಕ್ಕೆ ಕಾಯುತ್ತಿತ್ತು. ಇತರ ಮಕ್ಕಳು ಕಲಿಯುವ ಶಾಲೆಯ ಜಗಲಿಗೂ ಅವರಿಗೆ ಪ್ರವೇಶವಿರಲಿಲ್ಲ.

ವಿರೋಧ ಎರಡು ಕಡೆಯಿಂದ ಬಂತು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಕೂಲಿಯಾಳುಗಳ ಮಕ್ಕಳು ಅಕ್ಷರ ಕಲಿಯುವುದು ಮಾಲಿಕರಿಗೆ ಬೇಡವಾಗಿತ್ತು. ಮೇಲ್ಜಾತಿಯ ಶಿಕ್ಷಕರು ಈ ಮಕ್ಕಳಿಗೆ ಕಲಿಸಲು ಬರಲಿಲ್ಲ, ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಳ್ಳಬೇಕಾಯಿತು. ಅಷ್ಟಾದರೂ ಅವರು ಬಿಡಲಿಲ್ಲ. 1897ರಲ್ಲಿ ಮಂಗಳೂರಿನ ಕೋರ್ಟ್ ಗುಡ್ಡದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ರೂಪು ತಳೆಯಿತು. ಮುಂದೆ ಕಂಕನಾಡಿ, ಬೋಳೂರು, ಅತ್ತಾವರ, ಮುಲ್ಕಿ, ಉಡುಪಿ ಮುಂತಾದ ಕಡೆ ಶಾಲೆಗಳಾದವು.

ಶಾಲೆ ತೆರೆದರೂ ಮಕ್ಕಳು ಬರಲಿಲ್ಲ. ಬಂದವರು ನಿಲ್ಲಲಿಲ್ಲ. ನಮ್ಮ ಪ್ರಶಿಕ್ಷಣದ ಪಠ್ಯಗಳಲ್ಲಿ ಇಂಥದ್ದಕ್ಕೆ ಗೈರುಹಾಜರಿ, ಆಸಕ್ತಿಯ ಕೊರತೆ, ಪೋಷಕರ ಅರಿವಿನ ಕೊರತೆ ಎಂಬ ಹೆಸರುಗಳಿವೆ. ರಂಗರಾಯರು ಆ ಹೆಸರುಗಳನ್ನು ಬಳಸಲಿಲ್ಲ. ಒಂದು ಮಗು ಶಾಲೆಗೆ ಬಂದರೆ ಆ ದಿನ ಮನೆಗೆ ಏನು ನಷ್ಟ ಎಂದು ನೋಡಿದರು. ಮಗು ತರುತ್ತಿದ್ದ ಚೂರು ಕೂಲಿ ಹೋಯಿತು. ಕೆಲಸದ ಜಾಗದಲ್ಲಿ ಸಿಗುತ್ತಿದ್ದ ಗಂಜಿಯೂ ಹೋಯಿತು. ಈ ಎರಡನ್ನೂ ಶಾಲೆಯೇ ತುಂಬಿಕೊಡಬೇಕೆಂದು ತೀರ್ಮಾನಿಸಿದರು. ಹಾಜರಾದ ಮಗುವಿನ ಮನೆಗೆ ದಿನಕ್ಕೆ ಎರಡು ಪೈಸೆ, ಶಾಲೆಯಲ್ಲಿ ಮಧ್ಯಾಹ್ನದ ಊಟ.

ಎರಡು ಪೈಸೆಯ ಲೆಕ್ಕ

ಇದನ್ನು ದಾನವೆಂದು ಓದುವುದು ಸುಲಭ. ನಾನು ಪ್ರಶಿಕ್ಷಣಾರ್ಥಿಗಳೊಂದಿಗೆ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ನೋಡಿದೆ. ಆಗ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. ಹತ್ತು ಮಕ್ಕಳು ತಿಂಗಳಲ್ಲಿ 25 ದಿನ ಶಾಲೆಗೆ ಬಂದರೆ 500 ಪೈಸೆ, ಅಂದರೆ 7 ರೂಪಾಯಿ 13 ಆಣೆ. ರಂಗರಾಯರು ಮೇಷ್ಟ್ರಾಗಿ ಮೊದಲು ಪಡೆದ ತಿಂಗಳ ಸಂಬಳ ಹೆಚ್ಚುಕಡಿಮೆ ಅಷ್ಟೇ. ಹತ್ತು ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಲು ಒಬ್ಬ ಶಿಕ್ಷಕನ ಸಂಬಳದಷ್ಟು ಖರ್ಚು, ಊಟದ ಖರ್ಚು ಬೇರೆ. ಲೆಕ್ಕ ಮುಗಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಈ ವಿಚಾರ ಜಗತ್ತಿನ ಶಿಕ್ಷಣ ನೀತಿಗೆ ಬರಲು ಬಹಳ ಕಾಲ ಹಿಡಿಯಿತು. ಮದ್ರಾಸ್ ನಗರಸಭೆ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಆರಂಭಿಸಿದ್ದು 1920ರಲ್ಲಿ. ಮಗು ಶಾಲೆಗೆ ಬಂದರೆ ಬಡ ಕುಟುಂಬಕ್ಕೆ ಹಣ ಕೊಡುವ ಯೋಜನೆ ಮೆಕ್ಸಿಕೊದಲ್ಲಿ 1997ರಲ್ಲಿ, ಬ್ರೆಜಿಲ್‌ನಲ್ಲಿ ದೇಶಮಟ್ಟದಲ್ಲಿ 2003ರಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದು ಹೆಸರು ಮಾಡಿತು. ನಮ್ಮಲ್ಲಿ 2001ರ ಸುಪ್ರೀಂ ಕೋರ್ಟ್ ಆದೇಶದ ನಂತರ ಬೇಯಿಸಿದ ಊಟ ಮಕ್ಕಳ ಹಕ್ಕಾಯಿತು. ಕರ್ನಾಟಕದಲ್ಲಿ 2002ರಿಂದ ಅಕ್ಷರ ದಾಸೋಹ ಬಂತು, 2013ರಲ್ಲಿ ಕ್ಷೀರಭಾಗ್ಯ ಬಂತು. ಇವೆಲ್ಲ ಬೇರೆ ಬೇರೆ ಕಾರಣಗಳಿಂದ, ಬೇರೆ ಬೇರೆ ಜನರ ಹೋರಾಟದಿಂದ ಬಂದವು. ಆದರೆ ಮೂಲದಲ್ಲಿರುವ ತಿಳಿವಳಿಕೆ ಒಂದೇ: ಬಡ ಮಗುವಿಗೆ ಉಚಿತ ಶಾಲೆಯೂ ಉಚಿತವಲ್ಲ. ಅಲ್ಲಿಗೆ ಬರುವುದಕ್ಕೆ ಮನೆ ಪ್ರತಿದಿನ ಒಂದು ಬೆಲೆ ತೆರುತ್ತದೆ.

ರೋಗಗಳ ಕಾಲದಲ್ಲಿ ಮಕ್ಕಳು

ರಂಗರಾಯರು ಕೆಲಸ ಮಾಡಿದ ಮೂರುವರೆ ದಶಕಗಳು ನೆಮ್ಮದಿಯ ಕಾಲವಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂತು, ಕರಾವಳಿಯನ್ನೂ ಬಿಡಲಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡುತ್ತಿದ್ದ ಫಾದರ್ ಅಗಸ್ಟಸ್ ಮುಲ್ಲರ್ ಅವರು 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿ ಪ್ರತ್ಯೇಕ ಆಸ್ಪತ್ರೆ ತೆರೆಯಬೇಕಾಯಿತು. ಕಾಲರಾ, ಸಿಡುಬು ಹಳ್ಳಿಗಳಿಗೆ ಆಗಾಗ ಬರುತ್ತಿದ್ದವು. ತುಳುನಾಡಿನಲ್ಲಿ ಮಾರಿ ಓಡಿಸುವ ಆಚರಣೆಗಳು ಇನ್ನೂ ಉಳಿದಿರುವುದು ಆ ಭಯದ ನೆನಪಿನಿಂದಲೇ.

1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಮೊದಲ ಮಹಾಯುದ್ಧದ ಕೊನೆಯ ವರ್ಷ, ಸಾಮಾನುಗಳ ಬೆಲೆ ಏರಿತ್ತು. ದೇಶದ ಬಹುಭಾಗದಲ್ಲಿ ಆ ವರ್ಷದ ಮಳೆ ಕೈಕೊಟ್ಟಿತ್ತು. ಭಾರತದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಆ ರೋಗಕ್ಕೆ ಒಂದು ವಿಶೇಷವಿತ್ತು. ಸಾಮಾನ್ಯ ಜ್ವರದಂತೆ ಕೂಸುಗಳನ್ನೂ ಮುದುಕರನ್ನೂ ಮಾತ್ರ ಕೊಲ್ಲದೆ ಇಪ್ಪತ್ತರಿಂದ ನಲವತ್ತು ವಯಸ್ಸಿನವರನ್ನು ಹೆಚ್ಚಾಗಿ ಕೊಂಡೊಯ್ದಿತು. ಅಂದರೆ ಮಕ್ಕಳ ತಂದೆತಾಯಿಗಳನ್ನು. ಮನೆಯಲ್ಲಿ ಅಕ್ಕ ತಾಯಿಯಾದಳು, ಅಣ್ಣ ಕೂಲಿಯಾಳಾದ. ಇದಾದ ಐದೇ ವರ್ಷಕ್ಕೆ, 1923ರಲ್ಲಿ, ನೇತ್ರಾವತಿಯ ಮಹಾನೆರೆ ಬಂಟ್ವಾಳ, ಪಾಣೆಮಂಗಳೂರು ಪೇಟೆಗಳನ್ನು ಕೊಚ್ಚಿತು. ಹಿರಿಯರು ಅದನ್ನು ಮಾರಿಬೊಳ್ಳ ಎಂದು ನೆನೆಯುತ್ತಿದ್ದರು. ನೆರೆಗೂ ರೋಗದ ಹೆಸರನ್ನೇ ಕೊಟ್ಟದ್ದು ನೋಡಿ.

ಇಂಥ ಪ್ರತಿ ಹೊಡೆತದ ಮೊದಲ ಸುದ್ದಿ ಶಾಲೆಯ ಹಾಜರಿ ಪುಸ್ತಕಕ್ಕೆ ಬರುತ್ತದೆ. 2020ರಲ್ಲಿ ನಾವೂ ಅದನ್ನು ಕಂಡೆವು. ಮಾರ್ಚಿನಲ್ಲಿ ಮುಚ್ಚಿದ ಕಿರಿಯ ಪ್ರಾಥಮಿಕ ತರಗತಿಗಳು ರಾಜ್ಯದಲ್ಲಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಹತ್ತೊಂಬತ್ತು ತಿಂಗಳ ನಂತರ. ನಡುವೆ ಚಂದನದಲ್ಲಿ ಸಂವೇದ ಪಾಠಗಳು ಬಂದವು, ವಿದ್ಯಾಗಮ ಬಂತು, ಊಟದ ಬದಲು ಅಕ್ಕಿ ಬೇಳೆ ಮನೆಗೆ ಹೋಯಿತು. ಈ ಎಲ್ಲದರ ಹಿಂದೆ ಶಿಕ್ಷಕರ ದುಡಿಮೆ ಇತ್ತು. ಆದರೆ ಬೀಡಿ ಬ್ರಾಂಚು ಮುಚ್ಚಿದ ವಾರಗಳಲ್ಲಿ, ಬಸ್ಸು ನಿಂತ ತಿಂಗಳುಗಳಲ್ಲಿ, ಮನೆಗೆ ಬಂದ ಅಕ್ಕಿ ಐದಾರು ಬಾಯಿಗೆ ಹಂಚಿಹೋಯಿತು. ಶಾಲೆಯ ಊಟದಲ್ಲಿ ಮಗುವಿಗೆ ಅದರದೇ ತಟ್ಟೆ ಇರುತ್ತದೆ, ಜೊತೆಗೆ ಕುಳಿತು ಉಣ್ಣುವ ಗೆಳೆಯರಿರುತ್ತಾರೆ. ಅಕ್ಕಿಯ ಚೀಲದಲ್ಲಿ ಅವೆರಡೂ ಇರಲಿಲ್ಲ.

ನಂತರ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂದಾಗ ನಾವು ಅಕ್ಷರ, ಲೆಕ್ಕಗಳಲ್ಲಿ ಹಿಂದೆ ಬಿದ್ದದ್ದನ್ನು ಅಳೆದೆವು. ಅಳೆಯಬೇಕಾದ್ದೇ. ಆದರೆ ನಿದ್ದೆ ಇಲ್ಲದ ಕಣ್ಣು, ಮಾತು ಕಡಿಮೆಯಾದ ಮಗು, ಸಾಲಗಾರ ಬಾಗಿಲಿಗೆ ಬಂದದ್ದನ್ನು ನೋಡಿ ಹೆದರಿದ ಮಗು, ಇವು ನಮ್ಮ ಅಳತೆಯ ಪಟ್ಟಿಯಲ್ಲಿ ಇರಲಿಲ್ಲ.

ಮನೆ, ನೆಲ, ಕಸುಬು

ರಂಗರಾಯರಿಗೆ ಎರಡು ಪೈಸೆಯ ಮಿತಿಯೂ ಬೇಗ ತಿಳಿಯಿತು. ಮಗುವಿನ ಹೊಟ್ಟೆ ತುಂಬಿಸಬಹುದು, ಆದರೆ ಧಣಿ ಮನಸ್ಸು ಮಾಡಿದರೆ ಇಡೀ ಕುಟುಂಬವನ್ನು ಗುಡಿಸಲಿನಿಂದ ಎಬ್ಬಿಸಬಹುದು. ನಿಲ್ಲುವ ನೆಲ ಇನ್ನೊಬ್ಬರದ್ದಾಗಿರುವವರೆಗೆ ಶಾಲೆಯ ಬೆಂಚೂ ಗಟ್ಟಿಯಲ್ಲ. ಆದ್ದರಿಂದ ಅವರು ಸರಕಾರದಿಂದ ದಲಿತರಿಗೆ ಭೂಮಿ ಕೊಡಿಸಲು ಓಡಾಡಿದರು, ಮನೆಗಳನ್ನು ಕಟ್ಟಿಸಿದರು. ಕೋರ್ಟ್ ಗುಡ್ಡದಲ್ಲಿ ನೇಯ್ಗೆ, ಮರಗೆಲಸದಂಥ ಕಸುಬು ಕಲಿಸುವ ವ್ಯವಸ್ಥೆ ಮಾಡಿದರು. ದೂರದ ಮಕ್ಕಳಿಗೆ ವಸತಿ ನಿಲಯ ತೆರೆದರು. ಕೊರಗ ಸಮುದಾಯದ ಕಡೆಗೂ ಅವರ ಕೆಲಸ ಚಾಚಿತು.

ಒಂದು ತರಗತಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಒಂದು ಸಂದೇಹ ಎತ್ತಿದ. ಮೇಲಿನಿಂದ ಬಂದ ಉಪಕಾರದ ಕಥೆಯನ್ನೇ ನಾವು ಮತ್ತೆ ಮತ್ತೆ ಹೇಳಿದರೆ, ವಿರೋಧದ ನಡುವೆ ಮಕ್ಕಳನ್ನು ಶಾಲೆಗೆ ಕಳಿಸಿದ ಆ ತಂದೆತಾಯಿಗಳ ಧೈರ್ಯ ಮರೆತುಹೋಗುವುದಿಲ್ಲವೇ ಎಂಬುದು ಅವನ ಮಾತಿನ ಸಾರ. ಅದು ಸರಿಯಾದ ಸಂದೇಹ. ಬಹಿಷ್ಕಾರದಿಂದ ರಂಗರಾಯರಿಗೆ ಆದ ನಷ್ಟ ದೊಡ್ಡದೇ. ಧಣಿಯ ಎದುರು ಮಗನನ್ನು ಶಾಲೆಗೆ ಕಳಿಸಿದ ಕೂಲಿಯಾಳು ಅದಕ್ಕಿಂತ ಹೆಚ್ಚನ್ನು ಪಣಕ್ಕಿಟ್ಟಿದ್ದ. ಅವನ ಹೆಸರು ಯಾವ ಪುರಭವನಕ್ಕೂ ಇಲ್ಲ. ರಂಗರಾಯರ ಬದುಕನ್ನು ಪಾಠ ಮಾಡುವಾಗ ಈ ಮಾತನ್ನು ಸೇರಿಸಿಕೊಳ್ಳುವುದು ನನ್ನ ರೂಢಿಯಾಗಿದೆ.

ಕೊನೆಯ ವರ್ಷಗಳು

ಸರಕಾರ ಅವರಿಗೆ ರಾವ್ ಸಾಹೇಬ್ ಪದವಿ ಕೊಟ್ಟಿತು. 1927ರಲ್ಲಿ ಅವರು ಸಂನ್ಯಾಸ ತೆಗೆದುಕೊಂಡು ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆ ದಲಿತರ ಕೈಯಿಂದಲೇ ಆಗಬೇಕೆಂದು ಅವರು ಬಯಸಿದ್ದರು. ಮಂಗಳೂರಿನ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಅದು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತೆಂದು ಜಿಲ್ಲೆಯಲ್ಲಿ ಇಂದಿಗೂ ಹೇಳುತ್ತಾರೆ. ಕೆಲಸಕ್ಕಾಗಿ ದನದ ಹಿಂದೆ ಧೂಳು ತಿನ್ನುತ್ತಿದ್ದ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಆಸೆಯ ಅರ್ಥ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ನಮ್ಮ ಬೋಧನಾಭ್ಯಾಸಕ್ಕೆ

ಪ್ರಶಿಕ್ಷಣಾರ್ಥಿಗಳು ತಮ್ಮ ಕೈಯಿಂದ ಎರಡು ಪೈಸೆ ಕೊಡಬೇಕೆಂದು ನಾನು ಹೇಳುತ್ತಿಲ್ಲ. ನಲವತ್ತು ದಿನಕ್ಕೆ ಬಂದು ಹೋಗುವವರು ಮನೆಯ ಬಡತನ ನೀಗಿಸಲಾರರು. ಆದರೆ ರಂಗರಾಯರು ಕೇಳಿದ ಪ್ರಶ್ನೆಯನ್ನು ಕೇಳಬಹುದು: ಈ ಮಗು ಇವತ್ತು ಇಲ್ಲಿ ಕುಳಿತಿರಲು ಏನನ್ನು ಬಿಟ್ಟು ಬಂದಿದೆ?

ಈಗ ನನ್ನ ಗುಂಪಿನವರು ಬೋಧನಾಭ್ಯಾಸದ ಮೊದಲ ವಾರದಲ್ಲಿ ಪಾಠ ಯೋಜನೆಗೆ ಮೊದಲು ಒಂದು ಕೆಲಸ ಮಾಡುತ್ತಾರೆ. ತರಗತಿ ಶಿಕ್ಷಕರ ಸಹಾಯದಿಂದ ಹಿಂದಿನ ಎರಡು ತಿಂಗಳ ಹಾಜರಿ ನೋಡುತ್ತಾರೆ. ಯಾವ ಮಗು ಯಾವ ವಾರದ ದಿನ ಬರುವುದಿಲ್ಲ ಎಂದು ಗುರುತಿಸುತ್ತಾರೆ. ಸಂತೆಯ ದಿನವೇ, ಕೊಯ್ಲಿನ ವಾರವೇ, ಬೀಡಿ ಲೆಕ್ಕ ಕೊಡುವ ದಿನವೇ ಎಂದು ಹೊಂದಿಸಿ ನೋಡುತ್ತಾರೆ. ಇತರ ಮಕ್ಕಳ ಮುಂದೆ ಮನೆಯ ವಿಷಯ ಕೇಳಬಾರದು. ಬಿಸಿಯೂಟದ ಸಾಲಿನಲ್ಲಿ ಜೊತೆಗೆ ಕುಳಿತು ಉಣ್ಣುವಾಗ ತಾನಾಗಿ ಬರುವ ಮಾತು ಸಾಕು. ತಿಳಿದದ್ದನ್ನು ಪುಸ್ತಕದಲ್ಲಿ ಹೆಸರು ಹಾಕಿ ಬರೆಯಬಾರದು, ತರಗತಿ ಶಿಕ್ಷಕರಿಗೆ ಮಾತ್ರ ತಿಳಿಸಬೇಕು. ಮನೆಗೆಲಸ ಕೊಡುವಾಗ ರಾತ್ರಿ ದುಡಿಯುವ ಮಗುವನ್ನು ನೆನಪಿಡಬೇಕು, ಅದನ್ನು ಶಾಲೆಯ ಅವಧಿಯಲ್ಲೇ ಮುಗಿಸುವಂತೆ ಯೋಜಿಸಬೇಕು. ಮಗು ದುಡಿಮೆಗೆ ಬಿದ್ದಿದೆ, ಹಸಿದಿದೆ ಎಂದು ಖಚಿತವಾದರೆ ಮುಖ್ಯ ಶಿಕ್ಷಕರಿಗೆ ತಿಳಿಸಲು ಹಿಂಜರಿಯಬಾರದು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ಪುಸ್ತಕದ ಮೊದಲ ಪುಟದಲ್ಲಿ ಇರಬೇಕು.

ವೀಕ್ಷಕರಾದ ನಾವೂ ಬದಲಾಗಬೇಕು. ತರಗತಿ ನಿರ್ವಹಣೆ ಎಂಬ ಅಂಕಣಕ್ಕೆ ಅಂಕ ಹಾಕುವ ಮೊದಲು ನಾನೀಗ ಪ್ರಶಿಕ್ಷಣಾರ್ಥಿಯನ್ನು ಕೇಳುತ್ತೇನೆ. ಮಲಗಿದ ಮಗುವನ್ನು ಎಬ್ಬಿಸುವುದು ಸರಿಯೇ ಬಿಡುವುದು ಸರಿಯೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಉತ್ತರ ಆ ಮಗುವನ್ನು ಬಲ್ಲವರಿಗೆ ಮಾತ್ರ ಗೊತ್ತಿರುತ್ತದೆ. ಅಂದು ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ಪ್ರಶಿಕ್ಷಣಾರ್ಥಿಗೆ, ನನಗಲ್ಲ. ನಾನು ಕಡಿಮೆ ಮಾಡಿದ ಅಂಕ ಆಕೆಯ ಅಂಕಪಟ್ಟಿಗೆ ಸೇರಿಹೋಯಿತು, ಅದನ್ನು ತಿದ್ದಲು ಆಗಲಿಲ್ಲ. ಆಕೆ ಈಗ ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ ಶಿಕ್ಷಕಿ. ಅಲ್ಲಿಯ ಮಕ್ಕಳ ಅದೃಷ್ಟ ಚೆನ್ನಾಗಿದೆ ಎಂದುಕೊಳ್ಳುತ್ತೇನೆ.